ಕೆರೆಯ ಅಂಚು: ಒಂದು ವ್ಯಾಖ್ಯೆಯ ವಿಮರ್ಶೆ

ವಿಮರ್ಶೆಯೆಂದರೆ ಕಾವ್ಯವನ್ನೋ ಶಾಸ್ತ್ರಗ್ರಂಥವನ್ನೋ ಕುರಿತು ಬರೆಯತಕ್ಕದ್ದೆಂಬುದು ರೂಢಿ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಸರ್ಕಾರದ ರಾಜ್ಯಪತ್ರದಲ್ಲಿ ಅಚ್ಚಾದ ಒಂದು ವಾಕ್ಯವನ್ನು. ಅದರ ಜೊತೆಗೆ ಕೆರೆ ಕಾಮಗಾರಿಯ ಒಂದು ಅಂದಾಜುಪಟ್ಟಿಯನ್ನು. ನಾನು ವೃತ್ತಿಯಿಂದ ವ್ಯಾಪಾರಿ, ಓದಿದ್ದು ಬಿ.ಕಾಂ. ಪಕ್ಷಿಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ಆದರೆ ನಲವತ್ತು ವರ್ಷ ಕರಾರುಪತ್ರಗಳನ್ನೂ ಖಾತೆಪುಸ್ತಕಗಳನ್ನೂ ಓದಿದವನಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಯಾವುದನ್ನು ಬರೆದಿದ್ದಾರೆಂಬುದನ್ನು ನೋಡುವ ಮೊದಲು ಯಾವುದನ್ನು ಬಿಟ್ಟಿದ್ದಾರೆಂಬುದರ ಮೇಲೆ ಅವನ ಕಣ್ಣು ಹೋಗುತ್ತದೆ. ಈ ಲೇಖನಕ್ಕೆ ನನಗಿರುವ ಅರ್ಹತೆ ಅಷ್ಟೇ.

ಧರ್ಮ ಹಾಗೂ ನೀತಿಯ ವಿಚಾರಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕೆರೆ ಮತ್ತು ನೀರುಹಕ್ಕಿಗಳ ಮಾತಿಗೆ ಸ್ಥಾನವೆಲ್ಲಿ ಎಂದು ವಾಚಕರು ಕೇಳಬಹುದು. ನಮ್ಮ ಊರಿನ ಕೆರೆಯ ಹೂಳೆತ್ತುವ ಕೆಲಸಕ್ಕೆ ಕೆಲವು ವರ್ಷಗಳ ಹಿಂದೆ ನಮ್ಮ ಟ್ರಸ್ಟಿನಿಂದ ಹಣ ಸಂದಾಯವಾಯಿತು. ಖಜಾಂಚಿಯಾಗಿ ಚೆಕ್ಕಿಗೆ ಸಹಿ ಹಾಕಿದವನು ನಾನೇ. ಅದನ್ನು ಜೀವದಯೆಯ ಖಾತೆಯಲ್ಲಿ ಖರ್ಚು ಬರೆದೆವು. ಆ ಖರ್ಚಿನ ಫಲವನ್ನು ಕಣ್ಣಾರೆ ಕಂಡ ಮೇಲೆ, ಇಂಥದೇ ಚೆಕ್ಕಿಗೆ ಸಹಿ ಹಾಕಲಿರುವ ಇತರರಿಗೆ ತಿಳಿಸದಿರುವುದು ಸರಿಯೆನಿಸಲಿಲ್ಲ.

ಒಂದು ವಾಕ್ಯ ಮತ್ತು ಅದರ ಬಿಡುವಿಕೆಗಳು

1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಎಂಬ ಪಟ್ಟಣದಲ್ಲಿ ಜೌಗು ಪ್ರದೇಶಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವು 1982ರಲ್ಲಿ ಅದಕ್ಕೆ ಸೇರಿತು. ಆ ಒಪ್ಪಂದದ ವ್ಯಾಖ್ಯೆ ಬಹಳ ವಿಶಾಲವಾದುದು. ನೀರು ತಾನಾಗಿ ನಿಂತದ್ದಿರಲಿ, ಮನುಷ್ಯನು ನಿಲ್ಲಿಸಿದ್ದಿರಲಿ. ವರ್ಷವಿಡೀ ಇರಲಿ, ಕೆಲವೇ ತಿಂಗಳಿರಲಿ. ನಿಂತಿರಲಿ, ಹರಿಯುತ್ತಿರಲಿ, ಅದು ಜೌಗು ಪ್ರದೇಶವೇ ಸರಿ. ಅಲ್ಲಿ ನೀರುಂಟೇ ಎಂದಷ್ಟೇ ಆ ವ್ಯಾಖ್ಯೆ ಕೇಳುತ್ತದೆ. ಆ ನೀರನ್ನು ಯಾರು, ಯಾತಕ್ಕಾಗಿ ನಿಲ್ಲಿಸಿದರೆಂದು ಕೇಳುವುದಿಲ್ಲ.

ನಮ್ಮ ದೇಶದಲ್ಲಿ 2010ರಲ್ಲಿ ಈ ಬಗ್ಗೆ ನಿಯಮಗಳು ಬಂದವು. ಆ ನಿಯಮಗಳ ವ್ಯಾಖ್ಯೆಯಲ್ಲಿ ಕೆರೆ, ಜಲಾಶಯಗಳ ಹೆಸರು ಇತ್ತು. 2017ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಉಪಗ್ರಹ ಚಿತ್ರಗಳಿಂದ ಗುರುತಿಸಲಾದ 2,01,503 ಜೌಗು ಪ್ರದೇಶಗಳಿಗೆ ಆ ನಿಯಮಗಳ ತತ್ತ್ವವೇ ಅನ್ವಯಿಸಬೇಕೆಂದು ಆದೇಶಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಹಳೆಯ ನಿಯಮಗಳ ಸ್ಥಾನದಲ್ಲಿ ಹೊಸ ನಿಯಮಗಳನ್ನು ತಂದಿತು. ನಾನು ವಿಮರ್ಶಿಸುವ ವಾಕ್ಯ ಅದರಲ್ಲಿದೆ. ರಾಮ್ಸರ್ ವ್ಯಾಖ್ಯೆಯನ್ನು ಅನುಸರಿಸಿಯೇ ಅದು ಮೊದಲಾಗುತ್ತದೆ. ಕೊನೆಯಲ್ಲಿ ಬಿಡುವಿಕೆಗಳ ಪಟ್ಟಿಯೊಂದು ಬರುತ್ತದೆ. ನದಿಯ ಪಾತ್ರಗಳು, ಭತ್ತದ ಗದ್ದೆಗಳು, ಕುಡಿಯುವ ನೀರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳು, ಮತ್ತು ಮೀನು ಸಾಕಣೆ, ಉಪ್ಪಿನ ಉತ್ಪಾದನೆ, ವಿಹಾರ ಹಾಗೂ ನೀರಾವರಿಗೆಂದೇ ನಿರ್ಮಿಸಿದ ರಚನೆಗಳು ಇವು ಯಾವುವೂ ಜೌಗು ಪ್ರದೇಶವೆನಿಸುವುದಿಲ್ಲ.

ಈ ವಾಕ್ಯವನ್ನು ಕರ್ನಾಟಕದ ಬಯಲುಸೀಮೆಯಲ್ಲಿ ನಿಂತು ಓದಬೇಕು. ಗಂಗಾ ಬಯಲಿನಲ್ಲಿರುವಂತೆ ತಾನಾಗಿ ನಿಂತ ಸರೋವರಗಳು ನಮ್ಮ ಪ್ರಸ್ಥಭೂಮಿಯಲ್ಲಿ ವಿರಳ. ಇಲ್ಲಿ ನಿಂತ ನೀರೆಂದರೆ ಬಹುಮಟ್ಟಿಗೆ ಯಾರೋ ಏರಿ ಕಟ್ಟಿ ನಿಲ್ಲಿಸಿದ ನೀರು. ರಾಜ್ಯದಲ್ಲಿ 36 ಸಾವಿರಕ್ಕೂ ಮಿಕ್ಕಿ ಕೆರೆಗಳಿವೆಯೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ನೀರಾವರಿಗೆ. ಉಳಿದವನ್ನು ಜನ ಜಾನುವಾರುಗಳ ಬಾಯಾರಿಕೆಗೆ. ಹೀಗಾಗಿ ವ್ಯಾಖ್ಯೆಯ ಮುಂಭಾಗವು ಕೊಟ್ಟದ್ದನ್ನು ಹಿಂಭಾಗವು ನಮ್ಮ ನಾಡಿನ ಮಟ್ಟಿಗೆ ಬಹುಪಾಲು ಹಿಂದಕ್ಕೆ ಪಡೆದಂತಾಯಿತು.

ಎರಡು ನಿದರ್ಶನಗಳನ್ನು ನೋಡಿ. ಗದಗ ಜಿಲ್ಲೆಯಲ್ಲಿ, ನಮ್ಮವರಿಗೆ ಪುಲಿಗೆರೆಯೆಂದು ಪರಿಚಿತವಾದ ಲಕ್ಷ್ಮೇಶ್ವರಕ್ಕೆ ಸಮೀಪದಲ್ಲಿ ಮಾಗಡಿ ಕೆರೆಯಿದೆ. ವಿಸ್ತಾರ ಸುಮಾರು 50 ಹೆಕ್ಟೇರು. ಮಳೆನೀರನ್ನು ಹಿಡಿದು ಹೊಲಗಳಿಗೆ ಒದಗಿಸಲೆಂದು ಕಟ್ಟಿದ್ದು. ಚಳಿಗಾಲದಲ್ಲಿ ಅಲ್ಲಿಗೆ ಸುಮಾರು 8,000 ಹಕ್ಕಿಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಅದೊಂದು. ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಯಿದು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೂಡ ಶತಮಾನಗಳ ಹಿಂದೆ ಕಟ್ಟಿದ ನೀರಾವರಿ ಕೆರೆಯೇ. 98.76 ಹೆಕ್ಟೇರಿನ ಆ ಕೆರೆಯಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ಇಲ್ಲವೆ ರಾತ್ರಿ ತಂಗುತ್ತವೆ. 2024ರ ಜನವರಿಯಲ್ಲಿ ಈ ಎರಡು ಕೆರೆಗಳೂ ರಾಮ್ಸರ್ ಪಟ್ಟಿಗೆ ಸೇರಿದ ವಾರ್ತೆ ಪ್ರಕಟವಾಯಿತು. ಅದಕ್ಕೆ ಮೊದಲೇ ಅವು ಸಂರಕ್ಷಣಾ ಮೀಸಲುಗಳೆಂದು ಘೋಷಿತವಾಗಿದ್ದುವು.

ಅಂದರೆ ಜಗತ್ತಿನ ಪಟ್ಟಿಯಲ್ಲಿ ಗೌರವದ ಸ್ಥಾನ ಪಡೆದ ನಮ್ಮ ಕೆರೆಗಳು, ಕಟ್ಟಿದವರ ಉದ್ದೇಶವೊಂದನ್ನೇ ನೋಡಿದ್ದರೆ ನಮ್ಮದೇ ವ್ಯಾಖ್ಯೆಯ ಹೊರಗೆ ಉಳಿಯುತ್ತಿದ್ದುವು. ಬೇರೆ ದಾರಿಯಿಂದ ಅವಕ್ಕೆ ರಕ್ಷೆ ದೊರೆಯಿತು. ಅಂಥ ಹೆಸರು ದೊರೆಯದ ಸಾವಿರಾರು ಕೆರೆಗಳ ಗತಿಯೇನು? ರಂಗನತಿಟ್ಟಿನ ವೃತ್ತಾಂತವೂ ಇದನ್ನೇ ಹೇಳುತ್ತದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ಆ ನಡುಗಡ್ಡೆಗಳು ಉಂಟಾದುವು. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಮೈಸೂರಿನ ಅರಸರು ಅದನ್ನು ಪಕ್ಷಿಧಾಮವೆಂದು ಘೋಷಿಸಿದರು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಒಡ್ಡು ಕಟ್ಟಿದವರ ಮನಸ್ಸಿನಲ್ಲಿ ಕೊಕ್ಕರೆಗಳಿರಲಿಲ್ಲ. ಕೊಕ್ಕರೆಗಳಿಗೆ ಅದರಿಂದ ಏನೂ ಬಾಧೆಯಾಗಲಿಲ್ಲ.

ಒಂದು ವಸ್ತುವನ್ನು ಒಂದೇ ನಯದಿಂದ ನೋಡಿ, ಇದು ಇಷ್ಟೇ ಎಂದು ತೀರ್ಮಾನಿಸುವುದನ್ನು ನಮ್ಮ ಆಚಾರ್ಯರು ಏಕಾಂತವೆಂದು ಕರೆದರು. ರೈತನ ನಯದಿಂದ ಕೆರೆಯು ನೀರಿನ ಸಂಗ್ರಹ. ಬೆಸ್ತನ ನಯದಿಂದ ಮೀನಿನ ನೆಲೆ. ಹೆಬ್ಬಾತಿನ ನಯದಿಂದ ನರಿ ನಾಯಿಗಳು ತಲುಪಲಾಗದ ವಿಶ್ರಾಂತಿಯ ತಾಣ. ಇವು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. 2017ರ ವಾಕ್ಯವು ಇವುಗಳಲ್ಲಿ ಒಂದನ್ನು, ಅದೂ ಕಟ್ಟಿದ ದಿನದ ಉದ್ದೇಶವನ್ನು ಮಾತ್ರ ಹಿಡಿದುಕೊಂಡಿತು. ನಾಲ್ಕು ನೂರು ವರ್ಷಗಳಲ್ಲಿ ಆ ಕೆರೆ ಏನಾಗಿ ಬೆಳೆಯಿತೆಂಬುದನ್ನು ಕೈಬಿಟ್ಟಿತು. ವಾಕ್ಯದ ಮುಖ್ಯ ದೋಷ ಇದೇ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಪ್ರತಿಯೊಂದು ನೀರಾವರಿ ಕೆರೆಯನ್ನೂ ಕಠಿಣ ನಿಯಮಕ್ಕೆ ಒಳಪಡಿಸಿದರೆ, ತೂಬು ದುರಸ್ತಿಗೂ ರೈತನು ಕಚೇರಿ ಅಲೆಯಬೇಕಾದೀತೆಂಬ ಭಯ ನಿರಾಧಾರವಲ್ಲ. ಒತ್ತುವರಿಯನ್ನು ತಡೆಯಲು ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣಾ ಕಾಯಿದೆಯೂ ಬಂದಿದೆ. ಆದರೆ ಒತ್ತುವರಿಯಾಗದೆ, ತುಂಬಾ ನೀರು ನಿಂತು, ಸುತ್ತಲೂ ಹೂಗಿಡಗಳಿದ್ದೂ ಒಂದು ಕೆರೆ ಹಕ್ಕಿಗಳ ಪಾಲಿಗೆ ಇಲ್ಲವಾಗಬಹುದು. ಇದು ನನಗೆ ತಿಳಿದದ್ದು ತಡವಾಗಿ.

ಹಕ್ಕಿ ಬಯಸುವ ನೀರು

ನೀರು ಹೆಚ್ಚಿದಷ್ಟೂ ನೀರುಹಕ್ಕಿಗೆ ಒಳ್ಳೆಯದೆಂದು ನಾವು ತಿಳಿಯುತ್ತೇವೆ. ಇದು ತಪ್ಪು. ಚಳಿಗಾಲಕ್ಕೆ ಉತ್ತರದಿಂದ ಬರುವ ಸೂಜಿಬಾಲದ ಬಾತು, ಚಲುಕ ಬಾತು ಮೊದಲಾದವು ಮುಳುಗಿ ಮೇಯುವ ಜಾತಿಗಳಲ್ಲ. ಅವು ನೀರಿನ ಮೇಲೆಯೇ ತೇಲುತ್ತ ಕೊಕ್ಕಿನಿಂದ ಸೋಸಿಕೊಳ್ಳುತ್ತವೆ, ಇಲ್ಲವೆ ಬಾಲವನ್ನು ಮೇಲೆತ್ತಿ ತಲೆಯನ್ನಷ್ಟೇ ತಗ್ಗಿಸಿ ತಳದ ಬೀಜ ಬೇರುಗಳನ್ನು ಆಯುತ್ತವೆ. ಕತ್ತು ಎಟಕುವಷ್ಟೇ ಆಳದ ನೀರು ಅವಕ್ಕೆ ಉಪಯೋಗದ್ದು. ಅದಕ್ಕಿಂತ ಆಳವಾದರೆ ತಳದಲ್ಲಿ ಎಷ್ಟೇ ಆಹಾರವಿದ್ದರೂ ಸಿಕ್ಕದು. ಕೆಸರು ಕೆದಕಿ ಹುಳು ಹುಡುಕುವ ಸಣ್ಣ ಗದ್ದೆಗೊರವಗಳಿಗೆ ಬೇಕಾದುದು ಪಾದ ಮುಳುಗುವಷ್ಟು ನೀರು, ಅಥವಾ ನೀರು ಆಗತಾನೆ ಹಿಂದಕ್ಕೆ ಸರಿದ ಹಸಿ ಮಣ್ಣು. ಬಣ್ಣದ ಕೊಕ್ಕರೆಯು ಆಳವಿಲ್ಲದ ನೀರಿನಲ್ಲಿ ನಡೆಯುತ್ತ, ಅರೆತೆರೆದ ಕೊಕ್ಕನ್ನು ಅದ್ದಿ ಆಡಿಸುತ್ತ, ಮೀನು ತಗುಲಿದ ಕ್ಷಣವೇ ಮುಚ್ಚಿಕೊಳ್ಳುತ್ತದೆ. ಕಾಲೂರಲಾಗದ ಕಡೆ ಅದಕ್ಕೆ ಊಟವಿಲ್ಲ. ಆಳದಲ್ಲಿ ಮುಳುಗಿ ಹಿಡಿಯುವುದು ನೀರುಕಾಗೆ, ಹಾವಕ್ಕಿಯಂಥ ಕೆಲವು ಮಾತ್ರ. ಮೆಟ್ಟುಗಾಲು ಹಕ್ಕಿ ಮತ್ತು ಟಿಟ್ಟಿಭಗಳು ಮೊಟ್ಟೆಯಿಡುವುದು ಕೆರೆಯ ಸುತ್ತಲಿನ ಬರಿಯ ನೆಲದ ಮೇಲೆ.

ಹಳೆಯ ಕೆರೆಯೊಂದರಲ್ಲಿ ಇವೆಲ್ಲಕ್ಕೂ ಸ್ಥಳವಿರುತ್ತದೆ. ಏರಿಯ ಬಳಿ, ತೂಬಿನ ಕಡೆ ನೀರು ಆಳ. ಅಲ್ಲಿಂದ ಹಳ್ಳ ಬಂದು ಸೇರುವ ಮೇಲ್ಭಾಗದತ್ತ ನೆಲವು ಬಹಳ ನಿಧಾನವಾಗಿ ಏರುತ್ತ ಹೋಗುತ್ತದೆ. ಸುಗ್ಗಿಯ ನಂತರ ತೂಬಿನಿಂದ ನೀರು ಹೋದಂತೆ, ಬಿಸಿಲಿಗೆ ಆರಿದಂತೆ, ನೀರಿನ ಅಂಚು ದಿನಕ್ಕೆ ಕೆಲವು ಹೆಜ್ಜೆಗಳಂತೆ ಕೆಳಕ್ಕೆ ಸರಿಯುತ್ತದೆ. ಪ್ರತಿದಿನವೂ ಹೊಸ ಕೆಸರು, ಹೊಸ ಮೇವು. ಬೇಸಿಗೆಯಲ್ಲಿ ನೀರು ಸಣ್ಣ ಮಡುಗಳಾಗಿ ಕುಗ್ಗಿದಾಗ ಮೀನುಗಳು ಅಲ್ಲಿ ಒತ್ತಾಗಿ ಸೇರುತ್ತವೆ. ಕೊಕ್ಕರೆಗಳ ಮರಿಗಳು ಗೂಡಿನಲ್ಲಿ ಬಾಯಿ ತೆರೆದಿರುವ ಕಾಲಕ್ಕೆ ಇದು ಹೊಂದಿಕೊಂಡಿರುತ್ತದೆ. ಅಂಕಸಮುದ್ರದಂಥ ಕಡೆ ಕೆರೆಯಂಗಳದ ಜಾಲಿಮರಗಳು ನೀರಿನಲ್ಲಿ ನಿಂತು ಗೂಡುಗಳನ್ನು ಹೊರುತ್ತವೆ; ಸುತ್ತಲಿನ ನೀರೇ ಅವುಗಳಿಗೆ ಕೋಟೆಯ ಕಂದಕ.

ಗೂಡು ಒಂದು ಕಡೆ, ಮೇವು ಇನ್ನೊಂದು ಕಡೆ ಇರುವುದೂ ಉಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೆ, ಅತ್ತಿ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ತಲೆಮಾರುಗಳಿಂದ ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡರು. ಮರದಡಿ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಆದರೆ ಆ ಹಕ್ಕಿಗಳಿಗೆ ಮೀನು ದೊರೆಯಬೇಕಾದುದು ಶಿಂಷಾ ನದಿಯಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದುವು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನ ಮೂಲಕ. ಊರಿನ ಪ್ರೀತಿ ಊರಿನ ಮರಗಳನ್ನು ಕಾಯಬಲ್ಲುದು. ಹತ್ತಾರು ಮೈಲಿ ಸುತ್ತಲಿನ ನೀರನ್ನು ಒಂದೇ ಊರು ಕಾಯಲಾರದು.

ಅಂದಾಜುಪಟ್ಟಿಯ ಓದು

ಈಗ ನಮ್ಮ ಊರಿನ ಕೆರೆಗೆ ಬರುತ್ತೇನೆ. ಹೆಚ್ಚು ದೊಡ್ಡದಲ್ಲ. ನಾನು ಚಿಕ್ಕವನಾಗಿದ್ದಾಗ ತಂದೆಯವರ ಜೊತೆ ಶೇಂಗಾ ವ್ಯಾಪಾರಕ್ಕಾಗಿ ಬೆಳಗಿನ ಜಾವ ಗಾಡಿಯಲ್ಲಿ ಹೊರಟರೆ, ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕೆರೆಯ ಮೇಲ್ಭಾಗದಿಂದ ಬಾತುಗಳ ಸದ್ದು ಕೇಳುತ್ತಿತ್ತು. ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿದು ಕಡಲೆ ಮೇಯುತ್ತವೆಂದು ರೈತರು ಬೈಯುತ್ತಿದ್ದರು; ಆದರೂ ಓಡಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುತ್ತಿರಲಿಲ್ಲ. ಯಾವಾಗ ಎಷ್ಟು ನೀರು ಬಿಡಬೇಕೆಂದು ನೀರಗಂಟಿ ಬಲ್ಲವನಾಗಿದ್ದ. ಬೇಸಿಗೆಗೆ ದನಗಳಿಗೆಂದು ಒಂದಷ್ಟನ್ನು ಉಳಿಸಿಯೇ ಉಳಿಸುತ್ತಿದ್ದ.

ಕಾಲಕ್ರಮದಲ್ಲಿ ಹೂಳು ತುಂಬಿತು. ಹೂಳೆತ್ತಿಸುವುದು ಪುಣ್ಯಕಾರ್ಯವೆಂದು ನಾವು ಒಪ್ಪಿದೆವು. ಅಂದಾಜುಪಟ್ಟಿ ಬಂತು. ಹೂಳು ಇಷ್ಟು ಘನ ಮೀಟರು; ಏರಿ ಬಲಪಡಿಸುವುದಕ್ಕೆ ಇಷ್ಟು; ಸುತ್ತಲೂ ದಡವನ್ನು ಕಡಿದಾಗಿಸಿ ಕಲ್ಲು ಹೊದಿಸುವುದಕ್ಕೆ ಇಷ್ಟು; ಕೆರೆಯಂಗಳದ ಮುಳ್ಳುಗಿಡಗಳನ್ನು ತೆಗೆಯುವುದಕ್ಕೆ ಇಷ್ಟು; ನಡೆದಾಡುವ ಹಾದಿಗೆ, ದೀಪದ ಕಂಬಗಳಿಗೆ, ದಾನಿಗಳ ಹೆಸರಿನ ಫಲಕಕ್ಕೆ ಇಷ್ಟಿಷ್ಟು. ದರಗಳನ್ನು ನಾನು ಎರಡು ಸಲ ತಾಳೆ ನೋಡಿದೆ. ಎರಡು ಕಡೆ ಗುಣಾಕಾರದ ತಪ್ಪನ್ನು ಹಿಡಿದು ತಿದ್ದಿಸಿದೆ. ಟ್ರಸ್ಟಿನ ಹಣ ಉಳಿಯಿತೆಂದು ಸಂತೋಷಪಟ್ಟೆ.

ಕೆಲಸ ಚೆನ್ನಾಗಿಯೇ ಆಯಿತು. ಮರುವರ್ಷ ನೀರು ಹೆಚ್ಚು ಕಾಲ ನಿಂತಿತು, ಬಾವಿಗಳಲ್ಲಿ ನೀರು ಏರಿತು, ಗೋಡುಮಣ್ಣು ಹಾಕಿದ ಹೊಲಗಳಲ್ಲಿ ಬೆಳೆ ಚೆನ್ನಾಗಿ ಬಂತು. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಚಳಿಗಾಲ ಬಾತುಗಳು ಇಳಿಯಲಿಲ್ಲ. ಒಂದೆರಡು ದಿನ ಸುತ್ತು ಹಾಕಿ ಮುಂದೆ ಹೋದುವು. ನಡುನೀರಿನಲ್ಲಿ ಕೆಲವು ನೀರುಕಾಗೆಗಳು ಮಾತ್ರ ಮುಳುಗಿ ಏಳುತ್ತಿದ್ದುವು. ಅದರ ಮರುವರ್ಷವೂ ಹಾಗೆಯೇ. ಹವೆ ಬದಲಾಗಿದೆಯೆಂದರು, ಕಾಲವೇ ಕೆಟ್ಟಿತೆಂದರು. ಹಕ್ಕಿಗಳನ್ನು ಗಮನಿಸುವ ಹವ್ಯಾಸವಿರುವ ನಮ್ಮ ಕಡೆಯ ಶಾಲಾ ಉಪಾಧ್ಯಾಯರೊಬ್ಬರು ಏನನ್ನೂ ಹೇಳದೆ ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ ಕೈಯಲ್ಲಿದ್ದ ಗಳುವನ್ನು ನೀರಿಗೆ ಇಳಿಬಿಟ್ಟರು. ದಡದಿಂದ ಒಂದು ಮೊಳ ದೂರದಲ್ಲಿಯೇ ನೀರು ಎದೆಯ ಮಟ್ಟಕ್ಕಿತ್ತು. "ಬಾತು ಎಲ್ಲಿ ನಿಂತು ಮೇಯಬೇಕು, ಸ್ವಾಮಿ?" ಎಂದರು. ಮಕ್ಕಳ ಹೆಸರಿನಲ್ಲಿ, ನಮ್ಮ ಮನೆತನದ ಹೆಸರಿನಲ್ಲಿ ನಿಂತ ಫಲಕ ಅಲ್ಲಿಯೇ ಪಕ್ಕದಲ್ಲಿತ್ತು.

ಮನೆಗೆ ಬಂದು ಅಂದಾಜುಪಟ್ಟಿಯನ್ನು ಮತ್ತೆ ತೆಗೆದು ಓದಿದೆ. ಗುಣಾಕಾರ ಸರಿಯಾಗಿತ್ತು. ಆದರೆ ಅದರಲ್ಲಿ ಒಂದೇ ಬದಿ ಇತ್ತು. ಯಾವ ಅಂಗಡಿಯ ಖಾತೆಯಲ್ಲಿಯೂ ಜಮಾ ಇದ್ದಲ್ಲಿ ಖರ್ಚು ಇರಬೇಕು. ಹೊಸದು ಬಂದಾಗ ಹಳೆಯದು ಏನು ಹೋಯಿತೆಂದು ಬರೆಯಬೇಕು. ಎತ್ತಿದ ಮಣ್ಣಿಗೆ ಘನ ಮೀಟರಿನ ಲೆಕ್ಕವಿತ್ತು. ಆ ಮಣ್ಣಿನ ಮೇಲೆ ಮೊಳಕಾಲುದ್ದ ನೀರಿನಲ್ಲಿ ಮೇಯುತ್ತಿದ್ದವರ ಲೆಕ್ಕವಿರಲಿಲ್ಲ. ಕಡಿದ ಮುಳ್ಳುಗಿಡಗಳಿಗೆ ಕೂಲಿಯ ಲೆಕ್ಕವಿತ್ತು. ಅದರಲ್ಲಿದ್ದ ಹಳೆಯ ಗೂಡುಗಳ ಲೆಕ್ಕವಿರಲಿಲ್ಲ. ಸರ್ಕಾರದ ವಾಕ್ಯವು ಕೆರೆಯನ್ನು ಕಟ್ಟಿದ ಉದ್ದೇಶದಿಂದ ಅಳೆಯಿತು. ನಮ್ಮ ಪಟ್ಟಿಯು ಹಿಡಿಯುವ ನೀರಿನಿಂದ ಅಳೆಯಿತು. ಎರಡೂ ಕೆರೆಯ ಅಂಚನ್ನು ನೋಡಲಿಲ್ಲ. ಹಕ್ಕಿಯ ಬಾಳು ಇರುವುದೋ ಬಹುಪಾಲು ಆ ಅಂಚಿನಲ್ಲಿಯೇ.

ಶಾಸ್ತ್ರದ ಪಟ್ಟಿಯಲ್ಲಿ ಕೆರೆ

ಶ್ರಾವಕನು ಮಾಡಬಾರದ ಹದಿನೈದು ವೃತ್ತಿಗಳ ಪಟ್ಟಿಯೊಂದು ನಮ್ಮ ಆಚಾರಗ್ರಂಥಗಳಲ್ಲಿ ಬರುವುದನ್ನು ಬಲ್ಲವರು ಬಲ್ಲರು. 12ನೆಯ ಶತಮಾನದ ಹೇಮಚಂದ್ರರ ಯೋಗಶಾಸ್ತ್ರದಲ್ಲಿ ಅದಿದೆ. 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಅದರ ಚರ್ಚೆಯಿದೆ. ವಿಷದ ವ್ಯಾಪಾರ, ದಂತದ ವ್ಯಾಪಾರ, ಕಾಡಿಗೆ ಬೆಂಕಿಯಿಡುವುದು ಇವೆಲ್ಲದರ ಸಾಲಿನಲ್ಲಿ ಸರಃಶೋಷಣ, ಅಂದರೆ ಕೆರೆ ಸರೋವರಗಳನ್ನು ಬತ್ತಿಸುವುದು, ಒಂದು. ಧಾನ್ಯ ಬಿತ್ತಲೆಂದು ನೀರನ್ನು ಹೊರಹಾಕಿದರೆ ಆ ನೀರನ್ನು ಆಶ್ರಯಿಸಿದ ಜೀವಿಗಳು ಸಾಯುತ್ತವೆಂಬುದು ಅದರ ಕಾರಣ. ಭೂಮಿಯನ್ನು ಅಗೆದು ಒಡೆಯುವ ವೃತ್ತಿಯೂ ಅದೇ ಪಟ್ಟಿಯಲ್ಲಿದೆ.

ಈ ಪಟ್ಟಿಯನ್ನು ನಾವು ಪರ್ವದಿನಗಳಲ್ಲಿ ಕೇಳುತ್ತೇವೆ. ಕೆರೆ ಬತ್ತಿಸುವ ವೃತ್ತಿ ನಮ್ಮಲ್ಲಿ ಯಾರಿಗೂ ಇಲ್ಲವೆಂದು ಸಮಾಧಾನಪಡುತ್ತೇವೆ. ಆದರೆ ನಿಷೇಧದ ಕಾರಣವನ್ನು ನೋಡಬೇಕು. ದೋಷವಿರುವುದು ನೀರನ್ನು ಆಶ್ರಯಿಸಿದವರ ಆಶ್ರಯವನ್ನು ಕಳೆಯುವುದರಲ್ಲಿ. ನೀರನ್ನು ಪೂರ್ತಿ ತೆಗೆದು ಕಳೆದರೂ, ಅದನ್ನು ಅವರಿಗೆ ಎಟಕದಷ್ಟು ಆಳ ಮಾಡಿ ಕಳೆದರೂ, ಆಶ್ರಯ ತಪ್ಪಿದವನ ಪಾಲಿಗೆ ಎರಡೂ ಒಂದೇ. ನಾನು ಅಗೆಯಲಿಲ್ಲ, ಯಂತ್ರ ನಡೆಸಿದವನು ಬೇರೆ ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವುದು ನಮ್ಮ ಧರ್ಮ. ಚೆಕ್ಕಿನ ಮೇಲಿನ ಸಹಿ ಕಾರಿತಕ್ಕೆ ಸಾಕ್ಷಿ.

ನೀರಿನೊಡನೆ ನಮ್ಮ ಸಂಬಂಧ ಹೊಸದೇನಲ್ಲ. ಬೆಳ್ಗೊಳವೆಂಬ ಹೆಸರೇ ಕೊಳದಿಂದ ಬಂದುದು. ವರಂಗದಲ್ಲಿ ಕೆರೆಯ ನಡುವೆ ಬಸದಿಯಿದ್ದು, ದೋಣಿಯಲ್ಲಿ ಕುಳಿತು ದರ್ಶನಕ್ಕೆ ಹೋಗಬೇಕು. ಅಲ್ಲಿ ಗದ್ದಲ ಮಾಡಬಾರದು, ನೀರನ್ನು ಕೆಡಿಸಬಾರದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಸಂಕೋಚವನ್ನು ಬಸದಿಯಿಲ್ಲದ ಕೆರೆಗೂ ವಿಸ್ತರಿಸಬೇಕೆಂಬುದಷ್ಟೇ ನನ್ನ ಮಾತು.

ಎರಡು ಆಕ್ಷೇಪಗಳು

ಮೊದಲನೆಯದು ನಮ್ಮ ಟ್ರಸ್ಟಿನ ಸಭೆಯಲ್ಲಿಯೇ ಎದ್ದದ್ದು. ಕೊಕ್ಕರೆ, ಹೆಜ್ಜಾರ್ಲೆಗಳು ಮೀನು ತಿನ್ನುವ ಹಕ್ಕಿಗಳು. ಅವನ್ನು ಉಳಿಸಲು ನೆರವಾಗುವುದು ಮೀನುಗಳ ಹಿಂಸೆಗೆ ನೆರವಾದಂತಲ್ಲವೇ? ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಬಾರದು. ಹಕ್ಕಿಯನ್ನು ಸಾಕಿ, ಅದಕ್ಕೆ ಮೀನು ತಂದು ಹಾಕಿದರೆ ಅದು ನಮ್ಮಿಂದಾದ ಹಿಂಸೆಯೇ ಸರಿ. ಅಂಥದನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ತಿರ್ಯಂಚ ಜೀವಿಗಳು ತಮ್ಮ ತಮ್ಮ ಕರ್ಮಾನುಸಾರ ಬಾಳುವ ಜಾಗದಲ್ಲಿ ನಾವು ಯಂತ್ರ ಇಳಿಸದಿರುವುದು ನಮ್ಮ ಸಂಯಮಕ್ಕೆ ಸೇರಿದ ವಿಷಯ. ಅಲ್ಲದೆ, ದಡವನ್ನು ಕಡಿದಾಗಿಸಿದರೆ ಮೀನಿಗೂ ಲಾಭವಿಲ್ಲ. ಎಷ್ಟೋ ಮೀನುಗಳು ಮೊಟ್ಟೆಯಿಡುವುದೂ ಅವುಗಳ ಮರಿಗಳು ಅಡಗುವುದೂ ಆ ಹುಲ್ಲು ಬೆಳೆದ ಆಳವಿಲ್ಲದ ನೀರಿನಲ್ಲಿಯೇ. ಕಪ್ಪೆ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳ ಮಾತೂ ಹಾಗೆಯೇ. ಅಂಚನ್ನು ಕಾಯ್ದರೆ ಹಕ್ಕಿಯೊಂದಕ್ಕೇ ಅಲ್ಲ, ಅದರ ಬೇಟೆಗೂ ನೆಲೆ ಉಳಿಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದುದು. ರೈತನಿಗೆ ನೀರು ಬೇಕು. ಹಕ್ಕಿಗಾಗಿ ಹೂಳನ್ನು ಬಿಡೆಂದು ಹೊಟ್ಟೆ ತುಂಬಿದ ವ್ಯಾಪಾರಿ ಹೇಳುವುದು ಸುಲಭ. ಒಪ್ಪುತ್ತೇನೆ. ಹೂಳೆತ್ತಲೇಬಾರದೆಂದು ನಾನು ಹೇಳುತ್ತಿಲ್ಲ. ಹಿಂದಿನವರೂ ಎತ್ತುತ್ತಿದ್ದರು, ಬೇಸಿಗೆಯಲ್ಲಿ ಗಾಡಿಗಟ್ಟಲೆ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಗುದ್ದಲಿಯ ಕೆಲಸ ಒಂದು ವರ್ಷ ಕೆರೆಯ ಒಂದು ಮೂಲೆಯನ್ನು ಮುಟ್ಟುತ್ತಿತ್ತು, ಉಳಿದದ್ದು ಉಳಿಯುತ್ತಿತ್ತು. ಇಂದಿನ ಯಂತ್ರವು ಒಂದೇ ಬೇಸಿಗೆಯಲ್ಲಿ ಇಡೀ ಕೆರೆಯನ್ನು ಬಾಣಲೆಯಂತೆ ಕೊರೆದುಬಿಡುತ್ತದೆ. ನೀರಿನ ಸಂಗ್ರಹ ಬೇಕಾದುದು ತೂಬಿನ ಕಡೆಯ ಆಳದಲ್ಲಿ. ಹಳ್ಳ ಸೇರುವ ಕಡೆಯ ತಟ್ಟೆಯಂಥ ನೆಲವನ್ನು ಬಿಟ್ಟರೆ ರೈತನಿಗಾಗುವ ನಷ್ಟ ಅಲ್ಪ, ಹಕ್ಕಿಗಾಗುವ ಲಾಭ ಅಧಿಕ.

ಟ್ರಸ್ಟುಗಳಲ್ಲಿ ಬಿನ್ನಹ

ಸಲೀಂ ಅಲಿಯವರು ತಮ್ಮ ಆತ್ಮಕಥೆಯನ್ನು 1985ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ತಾವು ಕೋವಿಯಿಂದ ಹೊಡೆದು ಕೆಡವಿದ ಗುಬ್ಬಿಯೊಂದರ ಕುತೂಹಲದಿಂದಲೇ ಅವರ ಪಕ್ಷಿವ್ಯಾಸಂಗ ಆರಂಭವಾಯಿತು. ಹಕ್ಕಿಯನ್ನು ಕೊಂದ ಕೈಯೇ ಮುಂದೆ ರಂಗನತಿಟ್ಟಿನ ಲಕ್ಷಾಂತರ ಮರಿಗಳಿಗೆ ನೆರಳಾಯಿತು. ಹಕ್ಕಿಗೆ ಕಲ್ಲು ಕೂಡ ಎಸೆಯದ ನನ್ನ ಕೈ ಒಂದು ಕೆರೆಯನ್ನು ಬರಿದು ಮಾಡಿತು. ಇದನ್ನು ಯೋಚಿಸಿದಾಗ ನನಗೆ ಲಜ್ಜೆಯಾಗುತ್ತದೆ. ಅವರಿಗೆ ಹಕ್ಕಿ ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದಶವೈಕಾಲಿಕ ಸೂತ್ರವು ದಯೆಗಿಂತ ಮುಂಚಿನ ಸ್ಥಾನವನ್ನು ತಿಳಿವಳಿಕೆಗೆ ಕೊಟ್ಟಿರುವುದರ ಅರ್ಥ ನನಗೆ ಈ ವಯಸ್ಸಿನಲ್ಲಿ ಹೊಳೆಯಿ­ತು.

ನಮ್ಮ ಜೀವದಯೆಯ ಖರ್ಚುಗಳನ್ನು ನೋಡಿದರೆ ಪಾರಿವಾಳಕ್ಕೆ ಕಾಳು, ಗೋಶಾಲೆಗೆ ಮೇವು, ಪಂಜರದಿಂದ ಬಿಡಿಸಿದ ಗಿಳಿ ಇವೇ ಹೆಚ್ಚು. ಬಾಗಿಲಿಗೆ ಬಂದ ಜೀವಿಗೆ ನಾವು ಉದಾರಿಗಳು. ನಮ್ಮ ಬಾಗಿಲಿಗೆ ಎಂದೂ ಬಾರದ, ನಮ್ಮ ಕಾಳನ್ನು ಬೇಡದ ಜೀವಿಗಳಿಗೆ ಬೇಕಾದುದು ಅವುಗಳ ಸ್ಥಳ ಅವುಗಳಿಗೆ ಉಳಿಯುವುದು. ಅದಕ್ಕೆ ಹಣ ಕಡಿಮೆ ಸಾಕು, ಗಮನ ಹೆಚ್ಚು ಬೇಕು.

2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜೌಗು ಪ್ರದೇಶಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ ಎಲ್ಲೆ ಗುರುತಿಸುವಂತೆ ರಾಜ್ಯಗಳಿಗೆ ಮತ್ತೆ ಆದೇಶಿಸಿದೆ. ವಾಕ್ಯವನ್ನು ತಿದ್ದುವುದು ಸರ್ಕಾರದ ಕೆಲಸ. ನಮ್ಮ ನಮ್ಮ ಊರಿನ ಕೆರೆಯಲ್ಲಿ ಹಕ್ಕಿಗಳಿವೆಯೆಂಬ ದಾಖಲೆಯನ್ನು ಒದಗಿಸುವುದು ನಮ್ಮಿಂದಾಗುವ ಕೆಲಸ. ಅಂದಾಜುಪಟ್ಟಿಯಂತೂ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಕೆರೆ ಕೆಲಸಕ್ಕೆ ಹಣ ಕೊಡುವ ಟ್ರಸ್ಟುಗಳು ಕೆಲವು ಷರತ್ತುಗಳನ್ನು ಬರೆಸಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಹಳ್ಳ ಬಂದು ಸೇರುವ ಕಡೆ, ಕೆರೆಯ ಮೂರರಲ್ಲೊಂದು ಭಾಗವನ್ನಾದರೂ ಅಗೆಯಬಾರದು. ಉಳಿದ ಕಡೆ ದಡವು ಇಳಿಜಾರಾಗಿರಬೇಕು; ಕಲ್ಲು ಹೊದಿಕೆ ಏರಿಗೆ ಮಾತ್ರ ಸಾಕು. ಗೂಡಿರುವ ಜಾಲಿಮರಗಳನ್ನು ಮುಟ್ಟಬಾರದು. ನಡೆದಾಡುವ ಹಾದಿ ಏರಿಯ ಮೇಲಿರಲಿ, ಕೆರೆಯ ಸುತ್ತಲೂ ಬೇಡ; ದೀಪದ ಕಂಬಗಳೂ ಬೇಡ. ಮರಿಗಳು ಹಾರುವವರೆಗೆ ಕೊನೆಯ ಮಡುವಿನ ನೀರನ್ನು ಪಂಪಿಟ್ಟು ತೆಗೆಯಬಾರದು. ಕೆಲಸಕ್ಕೆ ಮೊದಲು ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ಆ ಕೆರೆಗೆ ಯಾರು ಯಾರು ಬರುತ್ತಾರೆಂದು ಬಲ್ಲವರಿಂದ ಎಣಿಸಿ ಬರೆಸಬೇಕು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ನಮ್ಮ ಮಕ್ಕಳು ಅದರಲ್ಲಿ ಸೇರಿ ಎಣಿಸುವುದನ್ನು ಕಲಿಯಬಹುದು.

ನಮ್ಮ ಕೆರೆಯ ಮೇಲ್ಭಾಗದಲ್ಲಿ ಕಲ್ಲು ಹೊದಿಕೆಯನ್ನು ಒಂದಿಷ್ಟು ಉದ್ದಕ್ಕೆ ಕಿತ್ತು, ಮಣ್ಣು ತುಂಬಿಸಿ ಇಳಿಜಾರು ಮಾಡಿಸುವ ವಿಚಾರ ಟ್ರಸ್ಟಿನ ಮುಂದಿದೆ. ಮಾಡಿದ ಕೆಲಸವನ್ನು ಕೀಳಿಸಲು ಮತ್ತೆ ಹಣವೇ ಎಂದು ಕೆಲವರು ಕೇಳಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದೇ. ಆ ಹಣದಲ್ಲಿ ನನ್ನ ಪಾಲನ್ನು ನಾನು ಕೊಡುವುದಾಗಿ ಬರೆದುಕೊಟ್ಟಿದ್ದೇನೆ. ಈ ಸಲ ಫಲಕ ಬೇಡವೆಂದೂ ಬರೆದಿದ್ದೇನೆ.